ಮಡಿಕೇರಿ ಪೇಟೆಯಲ್ಲಿ ಹೊಸ ಕಟ್ಟಡ ಅಂದ್ರೆ ಜನ ಯಾಕೆ ಹೆದರ್ತಾರೆ?

ಅಭಿವೃದ್ಧಿ ಬೇಡ ಅಂತಲ್ಲ. ನೆಲದ ಭಯ.

ಮಡಿಕೇರಿಯಲ್ಲಿ ಸಪಾಟು ಜಾಗ ಕಡಿಮೆ. ಮನೆ ಕಟ್ಟಬೇಕಾದರೆ ಗುಡ್ಡ ಕಡಿದು ನೇರ ಗೋಡೆ ತರಹ ಮಾಡುತ್ತಾರೆ, ತೆಗೆದ ಮಣ್ಣನ್ನು ಕೆಳಗಿನ ಇಳಿಜಾರಿಗೇ ಸುರಿಯುತ್ತಾರೆ. ಆ ಸಡಿಲ ಮಣ್ಣು ಮಳೆನೀರು ಕುಡಿದು ಭಾರವಾದರೆ ಜಾರದೆ ಇರುತ್ತಾ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಪಟ್ಟಣದ ಇಳಿಜಾರಿನ ಬಡಾವಣೆಗಳಲ್ಲೂ ಮನೆಗಳು ಹೋದವು. ಕಾರಣ ಬರೀ ಕಟ್ಟಡ ಅಲ್ಲ, ಅಂಥ ಮಳೆ ಸುರಿದಿತ್ತು. ಆದರೆ ಕಡಿದ ಗುಡ್ಡಕ್ಕೆ ತಡೆದುಕೊಳ್ಳುವ ಶಕ್ತಿ ಕಡಿಮೆ.

ಉಳಿದದ್ದು ಎಲ್ಲ ಸಣ್ಣ ಊರಿನ ಗೋಳೇ: ಇಕ್ಕಟ್ಟು ರಸ್ತೆ, ಪಾರ್ಕಿಂಗ್, ಬೇಸಿಗೆಯಲ್ಲಿ ನೀರು. ವಾರಾಂತ್ಯದ ಪ್ರವಾಸಿಗರ ಕಾರುಗಳ ಬಗ್ಗೆ ಹೇಳೋದೇ ಬೇಡ.

ತಡೆಯೋಕೆ ದಾರಿ ಇದೆಯಾ? ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್ (ಊರಿನ ಯಾವ ಜಾಗ ಯಾವುದಕ್ಕೆ ಅನ್ನುವ ಯೋಜನೆ) ಕರಡು ಬಂದಾಗ, ಭೂ ಬಳಕೆ ಬದಲಿಸುವಾಗ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ಪ್ರಕಟಣೆ ಪೇಪರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತೆ, ಯಾರೂ ನೋಡಲ್ಲ ಅಷ್ಟೆ. ಜೆಸಿಬಿ ಬಂದ ಮೇಲೆ ಕೂಗಾಡುವ ಬದಲು ಆಗಲೇ ಆಕ್ಷೇಪಣೆಯನ್ನು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.