ಟ್ರೇಲರ್ ಲಾರಿ ಎಡಕ್ಕೆ ತಿರುಗುವ ಮೊದಲು ಬಲಕ್ಕೆ ಯಾಕೆ ಹೋಗುತ್ತದೆ? ರೈಲಿಗೆ ಆ ಕಷ್ಟ ಯಾಕಿಲ್ಲ?

ನೀವು ಕೇಳಿದ್ದು ಎರಡು ವಿಷಯ. ಉದ್ದನೆಯ ಟ್ರೇಲರ್ ಎಡಕ್ಕೆ ತಿರುಗಬೇಕಾದಾಗ ಮೊದಲು ಬಲಕ್ಕೆ ಯಾಕೆ ಎಳೆದುಕೊಳ್ಳುತ್ತದೆ ಅನ್ನೋದು ಒಂದು. ಅದರ ಎಷ್ಟೋ ಪಟ್ಟು ಉದ್ದದ ರೈಲು ಹಾಗೇನೂ ಮಾಡದೆ ಹೇಗೆ ತಿರುಗುತ್ತದೆ ಅನ್ನೋದು ಇನ್ನೊಂದು. ಬಂದರಿನಿಂದ ಕಂಟೇನರ್ ಸಾಗಿಸುವ ಗಾಡಿಗಳ ನಡುವೆಯೇ ನನ್ನ ಕೆಲಸ. ರೈಲು ನನಗೆ ಬರೀ ಹವ್ಯಾಸದ ಹುಚ್ಚು.

ಟ್ರೇಲರಿನಲ್ಲಿ ಸ್ಟೇರಿಂಗಿಗೆ ತಿರುಗುವುದು ಮುಂದಿನ ಎಳೆಯುವ ಗಾಡಿಯ ಮುಂಗಾಲಿಗಳು ಮಾತ್ರ. ಆ ಗಾಡಿಯನ್ನು ನಮ್ಮಲ್ಲಿ ಹಾರ್ಸ್ ಅಂತಾರೆ. ಅದರ ಬೆನ್ನ ಮೇಲೆ ಗ್ರೀಸ್ ಮೆತ್ತಿದ ದಪ್ಪ ತಟ್ಟೆ ಇರುತ್ತದೆ, ಅದೇ ಫಿಫ್ತ್ ವೀಲ್. ಟ್ರೇಲರಿನ ಅಡಿಯ ಕಿಂಗ್ ಪಿನ್ ಅದರೊಳಗೆ ಕೂತು ಲಾಕ್ ಆಗುತ್ತದೆ. ಸಾಮಾನ್ಯವಾಗಿ ಆ ಪಿನ್ನಿನ ದಪ್ಪ 2 ಇಂಚು. ಹತ್ತಾರು ಟನ್ ಎಳೆಯುವುದು ಅದೊಂದೇ! ಹಿಂದಿನ ಚಕ್ರಗಳಿಗೆ ರಸ್ತೆ ಎತ್ತ ತಿರುಗಿತು ಅನ್ನೋದು ಗೊತ್ತೇ ಆಗಲ್ಲ. ಪಿನ್ ಎಲ್ಲಿದೆಯೋ ಆ ಕಡೆ ಮುಖ ಮಾಡಿ ಬರುತ್ತವೆ, ಅಷ್ಟೇ. ಪಿನ್ ಬಳಸಿಕೊಂಡು ಹೋದ ದಾರಿಯನ್ನು ಅವು ಒಳಗಿನಿಂದ ಅಡ್ಡ ಹಾಯುತ್ತವೆ.

ಎಷ್ಟು ಒಳಗೆ ಅಂತ ಶಾಲೆಯ ಪೈಥಾಗೊರಸ್ ಪ್ರಮೇಯದಲ್ಲೇ ಲೆಕ್ಕ ಹಾಕಬಹುದು. ಪಿನ್ 12 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದೆ, ಪಿನ್ನಿನಿಂದ ಹಿಂದಿನ ಗಾಲಿಗೆ 9 ಮೀಟರ್ ಇದೆ ಅಂದುಕೊಳ್ಳಿ. 144ರಲ್ಲಿ 81 ಕಳೆದರೆ 63, ಅದರ ವರ್ಗಮೂಲ ಹೆಚ್ಚುಕಡಿಮೆ 8. ಅಂದರೆ ಸುತ್ತುತ್ತಾ ಹೋದರೆ ಹಿಂದಿನ ಗಾಲಿ ಸುಮಾರು 4 ಮೀಟರ್ ಒಳಗೆ ಬಂದುಬಿಡುತ್ತದೆ! ಮೂಲೆಯಲ್ಲಿ ಒಂದು ಸಲ ತಿರುಗುವಾಗ ಅಷ್ಟಾಗಲ್ಲ, ಆದರೂ ಫುಟ್‌ಪಾತ್ ಹತ್ತಲು ಸಾಕು. ಅದಕ್ಕೇ ಚಾಲಕ ಮೊದಲು ಬಲಕ್ಕೆ ಹೋಗಿ ಜಾಗ ಮಾಡಿಕೊಳ್ಳುತ್ತಾನೆ. ಆಗ ಎಡಗಡೆ ಖಾಲಿ ಕಾಣುತ್ತದಲ್ಲ, ಅಲ್ಲಿಗೆ ಬೈಕ್ ನುಗ್ಗಿಸುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಆ ಜಾಗ ಟ್ರೇಲರಿನ ಹಿಂಭಾಗಕ್ಕೆ ಬೇಕಾದ್ದು. ಎಷ್ಟೋ ಸಲ ಅಲ್ಲಿರುವ ಬೈಕು ಚಾಲಕನ ಕನ್ನಡಿಗೂ ಸಿಗಲ್ಲ.

ಮಂಡ್ಯದ ಕಡೆ ಅಥವಾ ಬೆಳಗಾವಿ ಕಡೆ ಕಬ್ಬಿನ ಸೀಸನ್ನಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿರುವುದನ್ನು ನೋಡಿರುತ್ತೀರಿ. ಇಷ್ಟುದ್ದ ಆಯ್ತು, ಇನ್ನೂ ಜಾಸ್ತಿ ಕತ್ತರಿಸಬೇಕಲ್ವಾ ಅನಿಸುತ್ತದೆ. ಆಗುವುದು ಉಲ್ಟಾ. ಅದೇ 9 ಮೀಟರನ್ನು ನಾಲ್ಕೂವರೆಯ ಎರಡು ತುಂಡು ಮಾಡಿ ನಡುವೆ ಒಂದು ಕೀಲು ಕೊಟ್ಟರೆ, ಕೊನೆಯ ಗಾಲಿ ಒಳಗೆ ಬರುವುದು ಸುಮಾರು 1.8 ಮೀಟರ್ ಮಾತ್ರ. ಮುಖ್ಯ ಆಗುವುದು ಗಾಡಿಯ ಒಟ್ಟು ಉದ್ದಕ್ಕಿಂತ ಒಂದು ಕೀಲಿನಿಂದ ಇನ್ನೊಂದಕ್ಕೆ ಇರುವ ದೂರ. ಕೀಲು ಜಾಸ್ತಿಯಾದಷ್ಟೂ ತಿರುವು ಸಲೀಸು. ರಿವರ್ಸ್ ಮಾತ್ರ ದೇವರೇ ಗತಿ.

ಇನ್ನು ರೈಲು. ಅಲ್ಲಿ ಕೀಲುಗಳಿಗೇನು ಕಡಿಮೆಯಿಲ್ಲ. ಆದರೆ ಅಸಲಿ ಕಾರಣ ಬೇರೆ: ರೈಲಿನಲ್ಲಿ ಹಳಿಯೇ ಸ್ಟೇರಿಂಗ್, ಅದೂ ಪ್ರತಿಯೊಂದು ಗಾಲಿಗೂ. ಬೋಗಿಯ ಎರಡೂ ತುದಿಯ ಕೆಳಗೆ ನಾಲ್ಕು ಗಾಲಿಯ ಒಂದೊಂದು ಚೌಕಟ್ಟು ಇದೆ, ಅದು ಬೋಗಿಯ ಅಡಿಯಲ್ಲಿ ತನ್ನಷ್ಟಕ್ಕೆ ತಿರುಗುತ್ತದೆ. ಗಾಲಿ ಒಳಗೆ ಬರುವ ಹಾಗೇ ಇಲ್ಲ. ಒಳಗೆ ಬರುವುದು ಬೋಗಿಯ ಹೊಟ್ಟೆ. ನಮ್ಮ ಎಲ್‌ಎಚ್‌ಬಿ ಬೋಗಿಯಲ್ಲಿ (ಜರ್ಮನ್ ವಿನ್ಯಾಸದ ಪ್ರಯಾಣಿಕರ ಬೋಗಿ) ಆ ಎರಡು ಚೌಕಟ್ಟುಗಳ ನಡುವೆ 14.9 ಮೀಟರ್ ಇದೆ. 175 ಮೀಟರ್ ತ್ರಿಜ್ಯದ ಕಡಿದಾದ ತಿರುವಿನಲ್ಲಿ ಹೊಟ್ಟೆ 16 ಸೆಂಟಿಮೀಟರ್ ಒಳಗೆ ಬರುತ್ತದೆ, ತುದಿಗಳು ಹೊರಗೆ ಹೋಗುತ್ತವೆ. ತಿರುವಿನಲ್ಲಿರುವ ಪ್ಲಾಟ್‌ಫಾರ್ಮಿನಲ್ಲಿ ಬೋಗಿಗೂ ಅಂಚಿಗೂ ನಡುವೆ ಜಾಸ್ತಿ ಸಂದಿ ಬಿಡಬೇಕಾಗುವುದು ಇದಕ್ಕೇ.

ಹಾಗಂತ ರೈಲಿಗೆ ಅಡ್ಡ ಹಾಯುವ ಆಸೆ ಇಲ್ಲ ಅನ್ನಬೇಡಿ. ಉದ್ದದ ಗೂಡ್ಸ್ ರೈಲಿನಲ್ಲಿ ಭಾರದ ವ್ಯಾಗನ್‌ಗಳು ಹಿಂದೆ, ಖಾಲಿಯವು ಮುಂದೆ ಇದ್ದು, ಏರಿನ ತಿರುವಿನಲ್ಲಿ ಎಂಜಿನ್ ಜೋರಾಗಿ ಎಳೆದರೆ ಖಾಲಿ ವ್ಯಾಗನ್ ಒಳಗಡೆಗೆ ಹಳಿ ತಪ್ಪಬಹುದು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯಲ್ಲಿ 50 ಅಡಿ ಹೋದರೆ 1 ಅಡಿ ಏರು. ಅಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳುತ್ತದೆ. ಅದು ಬರೀ ಹೆಚ್ಚಿನ ಶಕ್ತಿಗಲ್ಲ, ಮುಂದಿನ ಕೊಂಡಿಗಳ ಮೇಲಿನ ಎಳೆತವೂ ಕಡಿಮೆಯಾಗುತ್ತದೆ.

ಲಾರಿಯ ಹಾಗೆ ಪಕ್ಕದ್ದರ ಮೇಲೆ ಭಾರ ಹಾಕುವ ರೈಲುಗಳೂ ಇವೆ. ಫ್ರಾನ್ಸಿನ ಅತಿವೇಗದ ರೈಲು ಟಿಜಿವಿಯಲ್ಲಿ ಅಕ್ಕಪಕ್ಕದ ಎರಡು ಬೋಗಿಗೆ ಒಂದೇ ಗಾಲಿ ಚೌಕಟ್ಟು. ಗಾಲಿ ಕಡಿಮೆ, ರೈಲು ಹಗುರ. 1993ರ ಡಿಸೆಂಬರಿನಲ್ಲಿ ಮೊದಲ ಮಹಾಯುದ್ಧದ ಕಂದಕವೊಂದು ಹಳಿಯ ಕೆಳಗೆ ಕುಸಿದು, ಗಂಟೆಗೆ ಸುಮಾರು 290 ಕಿ.ಮೀ. ವೇಗದಲ್ಲಿದ್ದ ಟಿಜಿವಿ ಹಳಿ ತಪ್ಪಿತು. ಬೋಗಿಗಳು ಮಗುಚಲಿಲ್ಲ, ಯಾರೂ ಸಾಯಲಿಲ್ಲ. ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ಲಾರಿಯ ಹಾಗೆ ಮಡಚಿಕೊಳ್ಳಲಿಲ್ಲ.

ಹಾಗಾದರೆ ನಮ್ಮಲ್ಲಿ ಯಾಕಿಲ್ಲ ಅಂದರೆ, ಅಂಥ ರೈಲಿನಲ್ಲಿ ಒಂದು ಬೋಗಿ ಕೆಟ್ಟರೆ ಸುಮ್ನೆ ಕಳಚಿ ಬದಿಗಿಡಲು ಆಗಲ್ಲ. ಹಬ್ಬಕ್ಕೆ ರಶ್ ಅಂತ ಎರಡು ಬೋಗಿ ಸೇರಿಸುವ ನಮ್ಮ ಪದ್ಧತಿಗೆ ಅದು ಒಗ್ಗಲ್ಲ. ಇದೇ ಜಾತಿಗೆ ಸೇರಿದ ಸ್ಪೇನಿನ ಟಾಲ್ಗೊ 2016ರಲ್ಲಿ ನಮ್ಮ ಹಳಿಯ ಮೇಲೆ ಪ್ರಯೋಗಕ್ಕೆ ಓಡಿ, ಮಥುರಾ–ಪಲ್ವಲ್ ನಡುವೆ 180 ಕಿ.ಮೀ. ವೇಗ ಮುಟ್ಟಿತು. ಆಮೇಲೆ ಬಂದ ವಂದೇ ಭಾರತ್‌ನಲ್ಲೂ ಪ್ರತಿ ಬೋಗಿಗೆ ಅದರದ್ದೇ ಎರಡು ಚೌಕಟ್ಟು.