ನಲವತ್ತು ದಾಟಿದ ಮೇಲೆ ಆಟಿಸಂ ಅಂತ ಗೊತ್ತಾಗಿ ಏನು ಪ್ರಯೋಜನ?

"ಇಷ್ಟು ವರ್ಷ ಸಂಸಾರ, ಕೆಲಸ ಹೇಗೋ ನಡೆದಿದೆ. ಈಗ ಅದಕ್ಕೊಂದು ಹೆಸರು ಕಟ್ಟಿಕೊಂಡು ಏನು ಮಾಡಲಿ?" ಅಂತ ಕೇಳಿದ್ದೀರಿ. ಆಟಿಸಂ ಅಂದರೆ ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆಯುವುದು; ಜನರ ಜೊತೆ ಬೆರೆಯುವುದು, ಸದ್ದು, ದಿನದ ಕ್ರಮ, ಎಲ್ಲವೂ ಬೇರೆ ಥರ ಅನ್ನಿಸುತ್ತವೆ. ನನಗೆ ಅದು ಗೊತ್ತಾಗಿದ್ದು 43ಕ್ಕೆ. ಊರು ಸೋಮವಾರಪೇಟೆ ಹತ್ತಿರ. ಕಾಫಿ ತೋಟ, ಜೊತೆಗೆ ಎರಡು ರೂಮಿನ ಹೋಂಸ್ಟೇ.

ಮಗನನ್ನು ತೋರಿಸಲು ಮೈಸೂರಿಗೆ ಹೋಗಿದ್ದೆವು. ಡಾಕ್ಟರು ಒಂದೊಂದೇ ಕೇಳುತ್ತಾ ಹೋದರು. ಸದ್ದು ಜಾಸ್ತಿಯಾದರೆ ಕಿವಿ ಮುಚ್ಚುತ್ತಾನಾ? ದಿನಾ ಮಾಡುವ ಕ್ರಮ ತಪ್ಪಿದರೆ ರೇಗುತ್ತಾನಾ? ಮಾತಾಡುವಾಗ ಮುಖ ನೋಡುತ್ತಾನಾ? "ಇದೆಲ್ಲ ಎಲ್ಲರಿಗೂ ಇರೋದೇ ಅಲ್ವಾ ಡಾಕ್ಟ್ರೇ?" ಅಂದೆ. ಹೆಂಡತಿ ತಿರುಗಿ ನನ್ನನ್ನೇ ನೋಡಿದಳು. ಡಾಕ್ಟರೂ ನೋಡಿದರು.

ಆರು ತಿಂಗಳಲ್ಲಿ ನನ್ನದೂ ಒಂದು ಫೈಲ್ ಆಯಿತು. ಆಟಿಸಂ ದೊಡ್ಡವರಾದ ಮೇಲೆ ಬಂದು ಸೇರಿಕೊಳ್ಳುವಂಥದ್ದಲ್ಲ. ಅದಕ್ಕೇ ಚಿಕ್ಕಂದಿನಲ್ಲಿ ಹೇಗಿದ್ದೆ ಅಂತ ಹೇಳುವವರು ಬೇಕು. ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮನದು ಎಲ್ಲದಕ್ಕೂ ಒಂದೇ ಉತ್ತರ: "ಅದರಲ್ಲೇನಿದೆ, ಇವರಪ್ಪನೂ ಹಾಗೇ."

ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಕೊಡಗಿನಲ್ಲಿ ಅದೇನೂ ವಿಶೇಷವಲ್ಲ. ತೋಟದವರು ಇವತ್ತಿಗೂ ಇಂಚು, ಸೆಂಟಿನಲ್ಲೇ ಮಾತಾಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಆದರೆ ಅಪ್ಪ ನನ್ನ ಮದುವೆ ದಿನವೂ ಚೌಲ್ಟ್ರಿಯಿಂದ ಮನೆಗೆ ಹೋಗಿ ಅಳೆದು ಬಂದವರು. ವಾಲಗ ಶುರುವಾದ ಮೇಲೆ ಜೀಪಿನಲ್ಲಿ ಹೋಗಿ ಕೂತರು. ನಾನು ಬೆಂಗಳೂರಿನಲ್ಲಿದ್ದ ಒಂಬತ್ತು ವರ್ಷ ಒಂದು ದಿನವೂ "ಊಟ ಆಯ್ತಾ" ಅಂತ ಕೇಳಲಿಲ್ಲ. ಫೋನ್ ಮಾಡಿ "ನಿನ್ನೆ ಎಪ್ಪತ್ತು ಸೆಂಟು" ಅನ್ನೋರು, ಇಟ್ಟುಬಿಡೋರು. ಪ್ರೀತಿ ಇಲ್ಲದ ಮನುಷ್ಯ ಅಂದುಕೊಂಡಿದ್ದೆ. ಆದರೆ ಸೆಂಟು ಹೇಳೋಕೆ ಅಂತಲೇ ಅಪ್ಪ ಬೇರೆ ಯಾರಿಗೂ ಫೋನ್ ಮಾಡಿದವರಲ್ಲ. ಇದು ನನಗೆ ಹೊಳೆದದ್ದು ಆ ಫೈಲ್ ಆದ ಮೇಲೆ.

ಹಾಗಂತ ಅಪ್ಪನಿಗೂ ಆಟಿಸಂ ಅಂತ ನಾನು ಹೇಳಲಾರೆ, ಯಾರೂ ಪರೀಕ್ಷೆ ಮಾಡಿಲ್ಲ. ಗೊತ್ತಾದ ಹೊಸದರಲ್ಲಿ ನೆಂಟರನ್ನೆಲ್ಲ ಕೂತಲ್ಲೇ ಅಳೆಯುವ ಚಟ ಹತ್ತುತ್ತದೆ. ಹುಷಾರು.

ಇನ್ನು ಕೆಲಸ. ಬೆಂಗಳೂರಿನಲ್ಲಿ ಒಂದು ಕಂಪನಿಯ ಲೆಕ್ಕ ನೋಡುತ್ತಿದ್ದೆ. ಪೈಸೆ ತಪ್ಪುತ್ತಿರಲಿಲ್ಲ. ಅದಕ್ಕೆ ಮೆಚ್ಚಿ ಎಂಟು ಜನರ ಮೇಲೆ ಲೀಡರ್ ಮಾಡಿದರು, ನಾನು ಕೆಲಸ ಬಿಟ್ಟು ಊರಿಗೆ ಬಂದೆ. ಜವಾಬ್ದಾರಿಗೆ ಹೆದರುವವನು ಅಂತ ನನಗೆ ನಾನೇ ಹೆಸರಿಟ್ಟುಕೊಂಡಿದ್ದೆ. ಹೋಂಸ್ಟೇಯಲ್ಲೂ ಅದೇ ಪಾಡು. ಯಾವಾಗ ನಗಬೇಕು, ಎಷ್ಟು ಹೊತ್ತು ಮುಖ ನೋಡಬೇಕು, ಎಲ್ಲ ಲೆಕ್ಕ ಹಾಕಿ ಮಾಡುತ್ತಿದ್ದೆ. ಇದಕ್ಕೆ ಮಾಸ್ಕಿಂಗ್ ಅಂತಾರಂತೆ. ಗೆಸ್ಟ್‌ಗಳು ಹೋದ ಮೇಲೆ ಒಂದಿಡೀ ದಿನ ಮಲಗಬೇಕಿತ್ತು. ಇಷ್ಟೆಲ್ಲ ಮಾಡಿಯೂ ಒಬ್ಬರು "ಮನೆ ಸೂಪರ್, ಓನರ್ ಸಿಡುಕ" ಅಂತ ರಿವ್ಯೂ ಹಾಕಿದರು!

ಈಗ ಹರಟೆ ಹೆಂಡತಿಯದು, ತೋಟ ಸುತ್ತಿಸುವುದು ನನ್ನದು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಗೆ ಬೇರೆ ಗಿಡದ್ದು ಬೇಕು, ಅದಕ್ಕೇ ಹೂ ಅರಳಿದ ದಿನ ಮಳೆ ಬಂದರೆ ನಮಗೆ ಎದೆ ಢವಢವ. ಇದನ್ನು ಒಂದು ಗಂಟೆ ಬೇಕಾದರೂ ಹೇಳಬಲ್ಲೆ. ಆಗ ಯಾರೂ ನನ್ನನ್ನು ಸಿಡುಕ ಅನ್ನುವುದಿಲ್ಲ. ನೀವೂ ಅವಸರದಲ್ಲಿ ಕೆಲಸ ಬಿಡಬೇಡಿ. ಕೆಲಸದಲ್ಲಿ ಯಾವ ತುಂಡು ನಿಮ್ಮನ್ನು ಸುಸ್ತು ಮಾಡುತ್ತಿದೆ ಅಂತ ಮೊದಲು ನೋಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮಗನಿಗೆ ಅದರ ಸರ್ಟಿಫಿಕೇಟ್ ಮಾಡಿಸಿದೆವು. ನಾನು ಮಾಡಿಸಿಲ್ಲ, ಕಾಫಿ ಗಿಡಕ್ಕೆ ಅದನ್ನು ತೋರಿಸಿ ಆಗಬೇಕಾದ್ದೇನಿದೆ? ನೌಕರಿಯಲ್ಲಿದ್ದರೆ ನಿಮ್ಮ ಲೆಕ್ಕ ಬೇರೆ.

ಅಪ್ಪನಿಗೆ ಈ ಪದ ಹೇಳಿಲ್ಲ. ಈಗ 78. ಮೊಮ್ಮಗನಿಗೆ ಮಳೆ ಅಳೆಯೋದು ಕಲಿಸಿದ್ದಾರೆ. ಇಬ್ಬರೂ ಮಾತಿಲ್ಲದೆ ಹೋಗುತ್ತಾರೆ, ಮಾತಿಲ್ಲದೆ ಬರುತ್ತಾರೆ. ಪುಸ್ತಕದಲ್ಲಿ ಬರೆಯದೆ ಇಬ್ಬರೂ ತಿಂಡಿಗೆ ಕೂರುವುದಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿ ಎಂಟೂಕಾಲಕ್ಕೆ.