ನಮ್ಮ ಕ್ಯಾರೆಕ್ಟರ್ ಶೀಟ್ ಬೇರೆಯವ್ರಿಗೆ ಹೇಗೆ ಕೊಡೋದು?

ಪ್ರಶ್ನೆ: ನಾವು ಫ್ರೆಂಡ್ಸ್ ಸೇರ್ಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಕಥೆ ಕಟ್ಕೊಂಡು ಆಡೋ ಆಟ) ರೂಲ್ಸ್‌ನೇ ಸಾಕಷ್ಟು ಬದಲಾಯಿಸ್ಕೊಂಡು ಆಡ್ತಾ ಇದೀವಿ. ‘ಧೈರ್ಯ’ ಅಂತ ನಮ್ದೇ ಒಂದು ಸ್ಕೋರ್ ಕೂಡ ಇದೆ. ಗೂಗಲ್ ಶೀಟ್ಸ್‌ನಲ್ಲಿ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರ, ಸ್ಕೋರ್ ಎಲ್ಲಾ ಬರೆಯೋ ಹಾಳೆ) ರೆಡಿ ಮಾಡಿದೀನಿ, ಎಲ್ರಿಗೂ ಹಂಚೋಣ ಅಂತ ಆಸೆ, ಆದ್ರೆ ಎಡಿಟ್ ಕೊಟ್ರೆ ಯಾರಾದ್ರೂ ಕೆಡಿಸ್ತಾರೆ, ವ್ಯೂ ಮಾತ್ರ ಕೊಟ್ರೆ ತುಂಬೋಕಾಗಲ್ಲ. ಕಾಪಿರೈಟ್ ತೊಂದ್ರೆ ಬರತ್ತಾ ಸರ್?

ಉತ್ತರ: ಮೊದಲು ಲಿಂಕ್ ವಿಷ್ಯ ಮುಗಿಸ್ಬಿಡೋಣ. ಲಿಂಕ್ ಇರೋರೆಲ್ಲಾ ನೋಡ್ಬಹುದು ಅಂತ ಸೆಟ್ ಮಾಡಿ, ಆಮೇಲೆ ವಿಳಾಸದ ಕೊನೇಲಿ ‘ಎಡಿಟ್’ ಅಂತಿರೋ ಪದ, ಅದಾದ್ಮೇಲೆ ಇರೋದು ಎಲ್ಲಾ ಅಳಿಸಿ, ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ‘ಕಾಪಿ’ (copy) ಅಂತ ಟೈಪ್ ಮಾಡಿ. ಆ ಲಿಂಕ್ ಒತ್ತಿದವ್ರಿಗೆ ಅವ್ರದ್ದೇ ಒಂದು ಪ್ರತಿ ಸಿಗತ್ತೆ, ನಿಮ್ಮದನ್ನ ಯಾರೂ ಮುಟ್ಟೋಕಾಗಲ್ಲ.

ಆದ್ರೆ ನಂಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಬೇರೆ. ನಿಮ್ಮ ಟೇಬಲ್‌ನಲ್ಲಿ ಕೂತವ್ರಿಗೆ ಧೈರ್ಯ ಅಂದ್ರೆ ಏನು ಅಂತ ಗೊತ್ತು, ಯಾವಾಗ ಕಮ್ಮಿ ಆಗತ್ತೆ, ಸೊನ್ನೆ ಆದ್ರೆ ಕ್ಯಾರೆಕ್ಟರ್ ಓಡಿಹೋಗತ್ತಾ ಇಲ್ಲ ಹೆದರಿ ನಿಂತ್ಕೊಳತ್ತಾ ಅಂತ ನೂರು ಸಲ ಮಾತಾಡಿರ್ತೀರಿ, ಅಪರಿಚಿತರಿಗೆ ಅದು ಬರೀ ಒಂದು ಖಾಲಿ ಚೌಕ. ಹಾಗಾಗಿ ಬದಲಾಯಿಸಿರೋ ರೂಲ್ಸ್‌ನೆಲ್ಲಾ ಅದೇ ಫೈಲ್‌ನಲ್ಲಿ ಇನ್ನೊಂದು ಟ್ಯಾಬ್ ಮಾಡಿ ಬರೀರಿ, ಜೊತೆಗೆ ಪೂರ್ತಿ ತುಂಬಿರೋ ಒಂದು ಮಾದರಿ ಕ್ಯಾರೆಕ್ಟರ್ ಇಡಿ. ನನ್ನ ಪ್ರಕಾರ ಹತ್ತು ಪ್ಯಾರಾ ವಿವರಣೆಗಿಂತ ಆ ಮಾದರಿನೇ ಜಾಸ್ತಿ ಕಲಿಸತ್ತೆ. ನಿಮ್ಮ ಆಟ ಗೊತ್ತಿಲ್ದೇ ಇರೋ ಒಬ್ರಿಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕೂತ್ಕೊಳಿ, ಅವ್ರು ಎಲ್ಲಿ ನಿಲ್ತಾರೋ ಅಲ್ಲಿ ಶೀಟ್ ತಿದ್ದಬೇಕು ಅಂತ ಅರ್ಥ.

ಫಾರ್ಮುಲಾ ಒಂದ್ಸಲ ಚೆಕ್ ಮಾಡಿ. ಮಾಡಿಫೈಯರ್ (ದಾಳ ಹಾಕಿದಾಗ ಕೂಡಿಸೋ ಅಥವಾ ಕಳೆಯೋ ಅಂಕಿ) ಅಂದ್ರೆ ಸ್ಕೋರ್‌ನಲ್ಲಿ 10 ಕಳೆದು ಅರ್ಧ ಮಾಡಿ ಕೆಳಗಿನ ಪೂರ್ಣಾಂಕ ತಗೊಳೋದು ಅಲ್ವಾ, ತುಂಬಾ ಜನ ಅಲ್ಲಿ ರೌಂಡ್‌ಡೌನ್ ಅನ್ನೋ ಫಂಕ್ಷನ್ ಹಾಕ್ತಾರೆ, 15ಕ್ಕೆ ಸರಿಯಾಗೇ +2 ಬರತ್ತೆ ಆದ್ರೆ 7 ಹಾಕಿದ್ರೆ -2 ಬರೋ ಬದ್ಲು -1 ಬರತ್ತೆ, ಯಾಕಂದ್ರೆ ಆ ಫಂಕ್ಷನ್ ಸೊನ್ನೆ ಕಡೆಗೆ ಎಳ್ಯತ್ತೆ. ಇಂಟ್ (INT) ಫಂಕ್ಷನ್ ಬಳಸಿ, ಸರಿ ಹೋಗತ್ತೆ. ಫಾರ್ಮುಲಾ ಇರೋ ಸೆಲ್‌ಗಳಿಗೆ ಬೇರೆ ಬಣ್ಣ ಕೊಟ್ರೆ ಯಾರೂ ಗೊತ್ತಿಲ್ದೇ ಅದ್ರ ಮೇಲೆ ಟೈಪ್ ಮಾಡಲ್ಲ.

ಇನ್ನು ಕಾಪಿರೈಟ್. ಆಟ ಆಡೋ ವಿಧಾನಕ್ಕೆ ಸಾಮಾನ್ಯವಾಗಿ ಕಾಪಿರೈಟ್ ಇರಲ್ಲ, ಅದನ್ನ ಬರೆದಿರೋ ವಾಕ್ಯಗಳಿಗೆ, ಚಿತ್ರಗಳಿಗೆ ಇರತ್ತೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಎಡಿಷನ್‌ನ ಮೂಲ ನಿಯಮಗಳಿರೋ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನ ಆಟದ ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಬೈ 4.0 ಲೈಸೆನ್ಸ್ (ಕ್ರೆಡಿಟ್ ಕೊಟ್ಟು ಯಾರು ಬೇಕಾದ್ರೂ ಬಳಸ್ಬಹುದು ಅನ್ನೋ ಅನುಮತಿ) ಅಡಿ ಬಿಟ್ಟಿದಾರೆ, ಅದ್ರಲ್ಲಿರೋದನ್ನ ಧಾರಾಳವಾಗಿ ಬಳಸಿ, ಅವ್ರು ಕೇಳೋ ಕ್ರೆಡಿಟ್ ಸಾಲು ಮಾತ್ರ ಹಾಕ್ಲೇಬೇಕು. ಲೋಗೋ, ಪುಸ್ತಕದ ಚಿತ್ರ, ಎಸ್‌ಆರ್‌ಡಿಯಲ್ಲಿ ಇಲ್ದೇ ಇರೋ ಸ್ಪೆಲ್ (ಮಂತ್ರ) ವಿವರಣೆ ಇದೆಲ್ಲಾ ಬೇಡ. ನಿಮ್ಮ ಶೀಟ್‌ಗೂ ಒಂದು ಲೈಸೆನ್ಸ್ ಬರೆದಿಡಿ, ಇಲ್ಲಾಂದ್ರೆ ಇನ್ನೊಬ್ರಿಗೆ ಅದನ್ನ ಬದಲಾಯಿಸಿ ಹಂಚ್ಬಹುದೋ ಇಲ್ವೋ ಅನ್ನೋ ಅನುಮಾನ ಉಳಿಯತ್ತೆ.

ಪ್ರಿಂಟ್‌ಗೆ ಪಿಡಿಎಫ್ ಕೂಡ ಕೊಡೋದಾದ್ರೆ ಕನ್ನಡ ಫಾಂಟ್ ಎಂಬೆಡ್ ಮಾಡಿ, ಅಂದ್ರೆ ಫೈಲ್ ಒಳಗೇ ಸೇರಿಸಿ. ಟೈಪ್ ಮಾಡೋ ಫೀಲ್ಡ್‌ಗಳಲ್ಲಿ ಒತ್ತಕ್ಷರ ಕೆಲವು ಆ್ಯಪ್‌ಗಳಲ್ಲಿ ಒಡೆದು ಕಾಣ್ಸತ್ತೆ, ಅಂಥ ಕಡೆ ಪೆನ್ನಲ್ಲಿ ಬರೆಯೋಕೆ ಖಾಲಿ ಗೆರೆ ಬಿಡೋದೇ ವಾಸಿ. ಮತ್ತೆ ಮೂಲೇಲಿ ವರ್ಷನ್ ನಂಬರ್, ತಾರೀಖು ಹಾಕಿ, ಹಳೇ ಪ್ರತಿ ಇಟ್ಕೊಂಡವ್ರು ಹೊಸ ರೂಲ್ ಹುಡುಕ್ತಾ ಕೂರೋದು ತಪ್ಪತ್ತೆ.